ಬಾಣಂತಿ ಕೋಣೆಯ ಬಾಗಿಲು

ಮಗಳ ಬಾಣಂತನ ಮುಗಿಸಿ ಶಿವಮೊಗ್ಗಕ್ಕೆ ಮರಳಿ ಒಂದು ವರ್ಷವಾಯಿತು. ಅಂದಿನಿಂದ ಈ ಬರಹವನ್ನು ನಾಲ್ಕು ಸಲ ಆರಂಭಿಸಿ ನಿಲ್ಲಿಸಿದ್ದೇನೆ. ಕಥೆ ಬರೆಯುವಾಗ ಪಾತ್ರಗಳ ಹಿಂದೆ ನಿಂತು ಎಷ್ಟು ಬೇಕಾದರೂ ನಿಜ ಹೇಳಬಹುದು; ಸ್ವಂತ ಮಗಳು, ತಾಯಿ, ಗಂಡ ಇವರನ್ನು ಕುರಿತು ನೇರವಾಗಿ ಬರೆಯಲು ಕುಳಿತಾಗ ಯಾವುದು ನನ್ನದು, ಯಾವುದನ್ನು ಹೇಳುವ ಹಕ್ಕು ನನಗಿಲ್ಲ ಎಂಬ ಪ್ರಶ್ನೆ ಸಾಲುಸಾಲಿಗೂ ಎದುರಾಗುತ್ತದೆ. ಕೊನೆಗೆ ಬರೆದದ್ದನ್ನು ಮೊದಲು ಮಗಳಿಗೇ ಕಳುಹಿಸಿದೆ. ಅವಳು ಎರಡು ಕಡೆ ಗೆರೆ ಎಳೆದು, ‘ಇದು ಬೇಡ ಅಮ್ಮ, ಉಳಿದದ್ದು ಇರಲಿ’ ಎಂದಳು. ಆ ಎರಡು ಭಾಗಗಳು ಇಲ್ಲಿಲ್ಲ.

ನನ್ನ ಬಾಣಂತನ ನಡೆದದ್ದು 1995ರ ಮಳೆಗಾಲದಲ್ಲಿ, ತೀರ್ಥಹಳ್ಳಿಯ ಸಮೀಪದ ನನ್ನ ತವರಿನಲ್ಲಿ. ಚೊಚ್ಚಲ ಹೆರಿಗೆ ತವರಿನ ಪಾಲಿನದು ಎಂಬುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಅಪ್ಪ ಬಂದು ಕರೆದೊಯ್ದಿದ್ದರು. ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮೂರನೆಯ ದಿನ ಸುರಿಯುವ ಮಳೆಯಲ್ಲಿ ಜೀಪಿನಲ್ಲಿ ಮನೆಗೆ ಬಂದೆ. ನನಗೆಂದು ಸಿದ್ಧವಾಗಿದ್ದುದು ನಡುಮನೆಯ ಪಕ್ಕದ, ಹಿಂದೊಮ್ಮೆ ಭತ್ತದ ಪಣತವಿದ್ದ, ಒಂದೇ ಕಿಟಕಿಯ ಕೋಣೆ. ಆ ಕಿಟಕಿಗೂ ಗಾಳಿ ಬರದಂತೆ ಕಂಬಳಿ ಕಟ್ಟಿದ್ದರು. ಹಗ್ಗದ ಮಂಚ, ಅದರ ಕೆಳಗೆ ಕೆಂಡದ ಮಡಕೆ, ಮೂಲೆಯಲ್ಲಿ ಮಗುವಿನ ಬಟ್ಟೆ ಒಣಗಿಸಲು ಬಿದಿರಿನ ಗಳ. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಅಮ್ಮನ ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಮಡಚಿ ಬಿಗಿದ ಕಟ್ಟು.

ಬೆಳಿಗ್ಗೆ ಬಚ್ಚಲಲ್ಲಿ ಅಡಿಕೆ ಸಿಪ್ಪೆಯ ಉರಿಗೆ ಹಂಡೆ ಮರಳುತ್ತಿತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ತಲೆಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿ, ಚರ್ಮ ಕೆಂಪಾಗುವಷ್ಟು ಬಿಸಿಯಾದ ನೀರನ್ನು ಸೊಂಟಕ್ಕೆ ಬೀಸಿ ಬೀಸಿ ಎರೆಯುತ್ತಿದ್ದರು. ಆಮೇಲೆ ಅವರು ಮಣೆಯ ಮೇಲೆ ಕುಳಿತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿ ನೀರು ಹಾಕುವಾಗ ಮಗು ಕಿರುಚಿದಷ್ಟೂ ಅವರ ಮುಖ ಅರಳುತ್ತಿತ್ತು, ‘ಗಟ್ಟಿ ಕೂಸು’ ಎಂದು. ಊಟಕ್ಕೆ ಹಳೆಯ ಅಕ್ಕಿಯ ಅನ್ನ, ಕಾಳುಮೆಣಸು-ಬೆಳ್ಳುಳ್ಳಿಯ ಸಾರು, ಧಾರಾಳ ತುಪ್ಪ, ಸಂಜೆಗೆ ಲೇಹ್ಯ. ಬದನೆ ನಂಜು, ಆಲೂಗೆಡ್ಡೆ ವಾಯು, ಬಾಳೆಹಣ್ಣು ಶೀತ. ನಲವತ್ತು ದಿನ ಒಂದು ಲೋಟವನ್ನೂ ನಾನು ತೊಳೆಯಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದ ಇಪ್ಪತ್ತಮೂರು ವರ್ಷಗಳಲ್ಲಿ ನನಗೆ ಅಂಥ ವಿಶ್ರಾಂತಿ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಬಾಣಂತನವನ್ನು ಮೂಢಾಚಾರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೊಂದಿಗೆ ನಾನು ಒಪ್ಪದಿರುವುದು ಇದಕ್ಕಾಗಿಯೇ. ಹೊಲ, ಕೊಟ್ಟಿಗೆ, ಒಲೆ ಎಂದು ವರ್ಷವಿಡೀ ಬಿಡುವಿಲ್ಲದ ಹೆಣ್ಣಿಗೆ ಬಾಣಂತನವೊಂದೇ ಯಾರೂ ಕಸಿಯಲಾಗದ ರಜೆಯಾಗಿತ್ತು. ಮೈಲಿಗೆ, ಗಾಳಿ, ದೃಷ್ಟಿ ಎಂಬ ಭಯಗಳನ್ನು ಸುತ್ತ ಬೇಲಿಯಾಗಿ ಕಟ್ಟಿ ಹೆಂಗಸರೇ ಆ ರಜೆಯನ್ನು ಕಾಪಾಡಿಕೊಂಡಿದ್ದರು ಎಂದು ನನಗೆ ಅನ್ನಿಸುತ್ತದೆ.

ಆದರೆ ಬಾಯಾರಿಕೆಯನ್ನು ಮರೆಯಲಾರೆ. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಎರಡೋ ಮೂರೋ ಲೋಟ ಜೀರಿಗೆ ಹಾಕಿ ಕುದಿಸಿದ ನೀರನ್ನು ಮಾತ್ರ ಕೊಡುತ್ತಿದ್ದರು. ಹಾಲೂಡಿಸುವ ಮೈಗೆ ಅದು ಯಾವ ಮೂಲೆಗೂ ಸಾಲದು. ದೊಡ್ಡಮ್ಮ ತಲೆಗೆ ನೀರು ಎರೆಯುವಾಗ ನಾನು ಮುಖ ಮೇಲೆತ್ತಿ, ಎಣ್ಣೆ ಸೀಗೆಪುಡಿ ಬೆರೆತ ಆ ನೀರನ್ನೇ ತುಟಿ ತೆರೆದು ಗುಟುಕರಿಸುತ್ತಿದ್ದೆ. ಗರ್ಭಿಣಿಯರಲ್ಲಿ ಮತ್ತು ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ದೇಹದ ನೀರಿನಂಶ ಬತ್ತಿದರೆ ಕಾಲಿನ ಅಥವಾ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇನ್ನಷ್ಟು ಏರುತ್ತದೆ ಎಂದು ವೈದ್ಯರು ಹೇಳುವುದನ್ನು ಎಷ್ಟೋ ವರ್ಷಗಳ ನಂತರ ಕೇಳಿದಾಗ ನನಗೆ ಆ ಬಚ್ಚಲು ನೆನಪಾಗಿ ಮೈ ನಡುಗಿತು. ನನ್ನ ಅಜ್ಜಿಯ ಕಾಲದಲ್ಲಿ ‘ಬಾಣಂತಿ ಸನ್ನಿ’ ಎಂದು ಹೇಳುತ್ತಿದ್ದ ಸಾವುಗಳಲ್ಲಿ ಎಷ್ಟು ಜ್ವರದವು, ಎಷ್ಟು ಬಾಯಾರಿಕೆಯವು ಎಂದು ಈಗ ಯಾರು ಹೇಳಬಲ್ಲರು?

ಆ ಪದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಬಾಣಂತಿ ಇದ್ದಕ್ಕಿದ್ದಂತೆ ನಿದ್ದೆಗೆಟ್ಟು, ಸಂಬಂಧವಿಲ್ಲದ ಮಾತನಾಡಿ, ಮಗುವನ್ನೇ ಗುರುತಿಸದ ಸ್ಥಿತಿಗೆ ಹೋದರೆ ಅದಕ್ಕೆ ನಮ್ಮಲ್ಲಿ ಬಾಣಂತಿ ಸನ್ನಿ ಎಂಬ ಹೆಸರಿತ್ತು. ಅಂದರೆ ಹೆರಿಗೆ ಮನಸ್ಸನ್ನು ಕೆಡಿಸಬಲ್ಲದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅಷ್ಟು ಉಗ್ರವಾದ ಕಾಯಿಲೆ ಬರುವುದು ಸಾವಿರ ಹೆರಿಗೆಗಳಿಗೆ ಒಬ್ಬಿಬ್ಬರಿಗೆ. ಊಟ ಮಾಡುತ್ತ, ಹಾಲೂಡಿಸುತ್ತ, ಬಂದವರ ಮುಂದೆ ನಗುತ್ತ, ಒಳಗೊಳಗೇ ಮುಳುಗುವ ನೂರಾರು ಹೆಂಗಸರ ಸ್ಥಿತಿಗೆ ನಮ್ಮ ಮನೆಮಾತಿನಲ್ಲಿ ಹೆಸರೇ ಇಲ್ಲ. ‘ಪ್ರಸವೋತ್ತರ ಖಿನ್ನತೆ’ ಎಂಬುದು ಪತ್ರಿಕೆಯ ಪದ; ನನ್ನ ಅಮ್ಮನಿಗಾಗಲಿ ದೊಡ್ಡಮ್ಮನಿಗಾಗಲಿ ಅದು ಅರ್ಥವಾಗುವುದಿಲ್ಲ. ಹೆಸರಿಲ್ಲದ್ದನ್ನು ಹೇಳಿಕೊಳ್ಳುವುದು ಹೇಗೆ? ಸಂಜೆಯಾಗುತ್ತಿದ್ದಂತೆ ಎದೆ ಭಾರವಾಗಿ, ಕಾರಣವೇ ತಿಳಿಯದೆ ನನ್ನ ಕಣ್ಣು ತುಂಬುತ್ತಿದ್ದಾಗ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: ‘ಬಾಣಂತಿ ಅಳಬಾರದು ಮಗಾ, ಹಾಲು ಕೆಡ್ತದೆ.’ ಆ ಮಾತಿನಲ್ಲಿ ಗದರಿಕೆ ಇರಲಿಲ್ಲ, ಕಾಳಜಿಯೇ ಇತ್ತು. ಆದರೆ ಅದನ್ನು ಕೇಳಿದ ಮೇಲೆ ನನ್ನ ದುಃಖದ ಜೊತೆಗೆ, ಮಗುವಿಗೆ ಕೆಟ್ಟ ಹಾಲು ಕೊಡುತ್ತಿದ್ದೇನೆ ಎಂಬ ಅಪರಾಧಭಾವವೂ ಸೇರಿಕೊಂಡಿತು.

ಓದುವುದಕ್ಕೂ ನಿಷೇಧವಿತ್ತು. ಬಾಣಂತಿ ಓದಿದರೆ, ಹೊಲಿದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ. ಆದರೂ ಅಮ್ಮನ ಟ್ರಂಕಿನಿಂದ ನಾನು ತ್ರಿವೇಣಿಯವರ ‘ಶರಪಂಜರ’ವನ್ನು ತೆಗೆದು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೆ, ಕಂಬಳಿಯ ಅಂಚನ್ನು ಸರಿಸಿದರೆ ಬೀಳುತ್ತಿದ್ದ ಒಂದು ಗೇಣು ಬೆಳಕಿನಲ್ಲಿ ಓದುತ್ತಿದ್ದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಅದನ್ನು ಚಿತ್ರವಾಗಿಸಿ, ಕಲ್ಪನಾ ಆ ಪಾತ್ರದಲ್ಲಿ ನಟಿಸಿದ ಮೇಲೆ ಕಾವೇರಿಯನ್ನು ತಿಳಿಯದ ಕನ್ನಡಿಗರು ಇರಲಿಲ್ಲ. ಹೆರಿಗೆಯ ನಂತರ ಮನಸ್ಸಿನ ಸಮತೋಲ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳು ಗುಣವಾಗಿದ್ದಾಳೆಂದು ಮನೆಯವರ ಕಣ್ಣು ಒಪ್ಪುವುದಿಲ್ಲ. ಗಂಡನ ಮನಸ್ಸೂ ದೂರ ಸರಿದಿರುತ್ತದೆ. ಅವಳನ್ನು ಮತ್ತೆ ಹಾಸಿಗೆಗೆ ಕೆಡವುವುದು ಆ ನೋಟಗಳು. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಭಯವಾಗಿ ಪುಸ್ತಕವನ್ನು ಟ್ರಂಕಿಗೆ ವಾಪಸು ಹಾಕಿದೆ. ನಾನು ಅಳುವುದನ್ನು ಕಂಡರೆ ಎಲ್ಲರೂ ನನ್ನನ್ನೂ ಹಾಗೆಯೇ ನೋಡಿಯಾರು ಎಂಬ ಭಯ ಅದು. ಮುಚ್ಚಿಟ್ಟುಕೊಳ್ಳುವುದನ್ನು ನಾನು ಕಲಿತದ್ದು ಅಂದಿನಿಂದ.

ಮನೋವಿಜ್ಞಾನವನ್ನು ಕನ್ನಡ ಕಾದಂಬರಿಗೆ ಅಷ್ಟು ಸಹಜವಾಗಿ ತಂದ ತ್ರಿವೇಣಿಯವರು 1963ರಲ್ಲಿ, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಿಗೆ ಆಗ ಮೂವತ್ತೈದೂ ತುಂಬಿರಲಿಲ್ಲ. ಈ ಸಂಗತಿಯನ್ನು ನಾನು ತಿಳಿದದ್ದು ಎಷ್ಟೋ ಕಾಲದ ಮೇಲೆ. ಬಾಣಂತಿಯ ಮನಸ್ಸಿನ ಕತ್ತಲೆಯನ್ನು ಕನ್ನಡದಲ್ಲಿ ಮೊದಲು ಬೆಳಕಿಗೆ ಹಿಡಿದವರಲ್ಲಿ ಒಬ್ಬರಾದ ಆ ಲೇಖಕಿಗೆ ತನ್ನದೇ ಬಾಣಂತನ ಪೂರ್ತಿ ದಕ್ಕಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಇನ್ನೂ ಇಪ್ಪತ್ತು ವರ್ಷ ಬರೆದಿದ್ದರೆ ನಮ್ಮ ಮನೆಗಳಲ್ಲಿ ಇಂಥ ಮಾತುಗಳಿಗೆ ಒಂದಿಷ್ಟು ಪದಗಳು ಸಿಕ್ಕಿರುತ್ತಿದ್ದವೇನೋ.

ನಮ್ಮ ಮನೆಯವರು ಆಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಮೂರು ತಿಂಗಳಲ್ಲಿ ಮೂರು ಸಲ ಬಂದರು: ಮಗು ಹುಟ್ಟಿದಾಗ, ನಾಮಕರಣಕ್ಕೆ, ಕರೆದೊಯ್ಯಲು. ಹನ್ನೊಂದು ದಿನ ಕಳೆಯುವವರೆಗೆ ಅಮೆಯ, ಅಂದರೆ ಹೆರಿಗೆಯ ಸೂತಕದ, ಕಾರಣಕ್ಕೆ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. ಅದಾದ ಮೇಲೂ ಅಳಿಯ ಬಾಣಂತಿ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುವುದು ಚೆನ್ನಾಗಿರುವುದಿಲ್ಲ ಎಂದು ಜಗುಲಿಯಲ್ಲಿ ಚಾಪೆ ಹಾಸಿ, ಎಲೆಯಡಿಕೆ ಇಟ್ಟು, ಹೋಳಿಗೆ ಬಡಿಸಿ ಸತ್ಕರಿಸಿದರು. ಅವರು ಬಾಗಿಲ ಬಳಿ ನಿಂತು, ‘ಹೇಗಿದ್ದೀ?’ ಎಂದು ಕೇಳಿದಾಗ ಹಿಂದೆ ದೊಡ್ಡಮ್ಮ ನಿಂತಿದ್ದರು. ‘ಚೆನ್ನಾಗಿದ್ದೇನೆ’ ಎಂದೆ. ಮದುವೆಯಾಗಿ ಎರಡು ವರ್ಷವೂ ಆಗಿರದ ನಮ್ಮಿಬ್ಬರ ನಡುವೆ ಬಿದ್ದ ಮೊದಲ ಸುಳ್ಳು ಅದು.

ಆ ಮೂರು ತಿಂಗಳು ನಮ್ಮ ದಾಂಪತ್ಯದ ಮೇಲೆ ಮೂಡಿಸಿದ ಗುರುತು ಇಪ್ಪತ್ತು ವರ್ಷ ಅಳಿಯಲಿಲ್ಲ. ಹುಬ್ಬಳ್ಳಿಯ ಬಾಡಿಗೆ ಮನೆಗೆ ಮಗುವನ್ನೆತ್ತಿಕೊಂಡು ಹೋದಾಗ, ಮಗುವಿನ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಎಂಬುದನ್ನು ನಾನು ಬಲ್ಲವಳಾಗಿದ್ದೆ. ಅವರಿಗೆ ಮಗುವಿನ ಕುತ್ತಿಗೆಗೆ ಕೈ ಆನಿಸಿ ಎತ್ತುವುದೂ ತಿಳಿದಿರಲಿಲ್ಲ. ಅವರು ಎತ್ತಿಕೊಂಡರೆ ಮಗು ಅಳುತ್ತಿತ್ತು, ಅತ್ತರೆ ನಾನು ಕಸಿದುಕೊಳ್ಳುತ್ತಿದ್ದೆ, ಕಸಿದುಕೊಂಡರೆ ಅವರು ಪೇಪರು ಹಿಡಿಯುತ್ತಿದ್ದರು. ಹೀಗೆ ಮಗು ನನ್ನ ಇಲಾಖೆಯಾಯಿತು, ದುಡಿಮೆ ಅವರದು. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನನಗೆ ಸಿಕ್ಕಿದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳುತ್ತಿದ್ದ 12 ವಾರಗಳ ರಜೆ. ಅದು ಮುಗಿದಾಗ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟೆ. ಕಥೆ ಬರೆಯುವುದನ್ನೂ ಬಿಟ್ಟೆ ಎನ್ನುವುದಕ್ಕಿಂತ, ಬರೆಯಲು ಬೇಕಾದ ಒಂದು ಗಂಟೆಯ ಮೌನ ನಾಲ್ಕು ವರ್ಷ ನನಗೆ ಎಲ್ಲಿಯೂ ಸಿಗಲಿಲ್ಲ ಎನ್ನಬೇಕು. ಮತ್ತೆ ಬರೆದ ಮೊದಲ ಕಥೆಯನ್ನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಡುಗೆಮನೆಯ ಕಟ್ಟೆಯ ಮೇಲೆ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದೆ.

ಗಂಡನ ಮೇಲೆ ಇದ್ದ ಅಸಮಾಧಾನವನ್ನು ನಾನು ಬಹುಕಾಲ ಅವರ ಸ್ವಭಾವದ ಖಾತೆಗೆ ಹಾಕಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಮಗುವಿನೊಂದಿಗೆ ನಂಟು ಬೆಳೆಯಬೇಕಾದ ಮೊದಲ ನೂರು ದಿನ ತಂದೆಯನ್ನು ಜಗುಲಿಯಲ್ಲಿ ಕೂರಿಸಿದ ಪದ್ಧತಿಯೇ ಮುಂದಿನ ಇಪ್ಪತ್ತು ವರ್ಷವೂ ಅವನನ್ನು ಜಗುಲಿಯಲ್ಲೇ ಉಳಿಸುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷಗಳನ್ನು. ಈ ಅಂತರವನ್ನು ಓದಿದಾಗ ನನಗೆ ಆ ಜಗುಲಿಯ ಚಾಪೆ ಕಣ್ಣಿಗೆ ಕಟ್ಟುತ್ತದೆ.

ಆದ್ದರಿಂದಲೇ ಮಗಳು, ‘ನಾನು ತವರಿಗೆ ಬರುವುದಿಲ್ಲ ಅಮ್ಮ, ನೀನೇ ಇಲ್ಲಿಗೆ ಬಾ, ಇವರೂ ಜೊತೆಗಿರಬೇಕು’ ಎಂದಾಗ ನನಗೆ ಮೊದಲು ನೋವಾದರೂ ವಾದಿಸಲಿಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಸಿಸೇರಿಯನ್ ಹೆರಿಗೆಯಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಭಾಗ ಸಿಸೇರಿಯನ್ ಆಗಿದ್ದವು. ಆದರೆ ನಮ್ಮ ಬಾಣಂತನದ ಕ್ರಮ ಇನ್ನೂ ಸಹಜ ಹೆರಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ. ಹೊಲಿಗೆ ಹಾಕಿದ ಹೊಟ್ಟೆಗೆ ಸೀರೆ ಬಿಗಿಯುವುದು ಹೇಗೆ, ಬಿಸಿನೀರು ಬೀಸಿ ಎರೆಯುವುದು ಹೇಗೆ? ಹಾಗಾಗಿ ನಾನು ಹೊತ್ತೊಯ್ದ ಹಳೆಯ ಸೀರೆಗಳು ಮಗುವಿಗೆ ಹಾಸಲು ಹೊದಿಸಲು ಆದವು. ಬಜೆ ತೇಯ್ದು ನೆಕ್ಕಿಸುವುದನ್ನು ಮಕ್ಕಳ ವೈದ್ಯರು ಬೇಡವೆಂದರು, ಆರು ತಿಂಗಳು ಎದೆಹಾಲಲ್ಲದೆ ಒಂದು ಹನಿ ನೀರೂ ಬೇಡವೆಂದರು. ಎಲ್ಲಕ್ಕೂ ಒಪ್ಪಿದೆ. ಮಗಳ ಮಂಚದ ಪಕ್ಕದಲ್ಲಿ ಮಾತ್ರ ಸದಾ ನೀರು ತುಂಬಿದ ಹೂಜಿ ಇಟ್ಟೆ. ಅದು ಅರ್ಧ ಖಾಲಿಯಾದರೆ ಅಳಿಯಂದಿರು ತುಂಬಿಸುತ್ತಿದ್ದರು. ಅವರ ಕಂಪನಿಯಲ್ಲಿ ತಂದೆಗೂ ಕೆಲವು ವಾರ ರಜೆಯಿತ್ತು. ಕೇಂದ್ರ ಸರ್ಕಾರಿ ನೌಕರರಾದ ತಂದೆಯರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದವರಿಗೆ ಕಾನೂನು ಅಷ್ಟನ್ನೂ ಕಡ್ಡಾಯ ಮಾಡಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಯ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿದ್ದು ದೊಡ್ಡ ಉಪಕಾರ. ಆದರೆ ತಾಯಿಗೆ 26 ವಾರ, ತಂದೆಗೆ ಏನೂ ಇಲ್ಲ ಎಂದಾಗ ಮಗು ಯಾರದೆಂದು ಕಾನೂನೇ ತೀರ್ಮಾನಿಸಿದಂತೆ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ತಿಳಿದುಕೊಂಡು, ಇಷ್ಟೆಲ್ಲ ತಿದ್ದಿಕೊಂಡು ಹೋದವಳು ನಾನು. ಹದಿನೆಂಟನೆಯ ದಿನ ಸಂಜೆ ಮಗುವಿಗೆ ಹಾಲೂಡಿಸಿ ಮಲಗಿಸಿದ ಮಗಳು ಗೋಡೆ ನೋಡುತ್ತ ಹೇಳಿದಳು: ‘ಅಮ್ಮ, ಈ ಮಗು ನಂದು ಅಂತ ಅನ್ನಿಸ್ತಾನೇ ಇಲ್ಲ. ಯಾರದೋ ಮಗುನ ನೋಡ್ಕೊಳ್ತಿದೀನಿ ಅನ್ಸತ್ತೆ.’

ನನ್ನ ಬಾಯಿಂದ ತಕ್ಷಣ ಬಂದ ಮಾತು, ‘ಹಾಗೆಲ್ಲ ಅನ್ನಬಾರದು ಕಣೇ.’

ಅವಳು ಮುಂದೆ ಮಾತನಾಡಲಿಲ್ಲ. ದಿಂಬು ಸರಿಮಾಡಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು. ಅಡುಗೆಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅಮ್ಮ ನನಗೆ ಹಾಕಿದ ಬೀಗವನ್ನೇ ನಾನು ಮಗಳಿಗೆ ಹಾಕಿ ಬಂದಿದ್ದೆ. ಆ ರಾತ್ರಿ ಒಂದೂವರೆಯ ಹಾಲಿಗೆ ಅವಳು ಎದ್ದಾಗ ನಾನೂ ಎದ್ದು ಪಕ್ಕದಲ್ಲಿ ಕುಳಿತೆ. ‘ಸಂಜೆ ನಾನು ನಿನ್ನ ಮಾತನ್ನು ಪೂರ್ತಿ ಕೇಳಲಿಲ್ಲ, ಈಗ ಹೇಳು’ ಎಂದೆ. ಅವಳು ಬಹಳ ಹೊತ್ತು ಹೇಳಿದಳು. ಅಳಿಯಂದಿರು ಬಾಗಿಲ ಬಳಿ ಬಂದು ನಿಂತವರು ಒಳಗೆ ಬಂದು ನೆಲದ ಮೇಲೆ ಕುಳಿತರು. ಅವರು ಅಲ್ಲಿ ಕೂರುವುದು ಚೆನ್ನಾಗಿರುವುದಿಲ್ಲ ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆ ರಾತ್ರಿ ಅವಳು ಏನು ಹೇಳಿದಳೆಂಬುದು ಅವಳು ಗೆರೆ ಎಳೆದ ಭಾಗಗಳಲ್ಲಿ ಒಂದು.

ಮರುದಿನ ವೈದ್ಯೆಯ ಬಳಿಗೆ ಮೂವರೂ ಹೋದೆವು. ಅವರು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡ ಆ ಪ್ರಶ್ನಾವಳಿ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ; ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಗಿದೆಯೇ ಎಂಬಲ್ಲಿಂದ ಆರಂಭವಾಗಿ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬಲ್ಲಿಗೆ ಮುಗಿಯುತ್ತದೆ. ಪೆನ್ಸಿಲ್ಲಿನಿಂದ ಗುರುತು ಹಾಕಲು ಹತ್ತು ನಿಮಿಷವೂ ಬೇಡ. ಹೆರಿಗೆಯಾದ ಮೊದಲ ವಾರಗಳಲ್ಲಿ ಹಾರ್ಮೋನುಗಳು ಒಮ್ಮೆಲೇ ಇಳಿಯುವುದರಿಂದ ಬರುವ ಅಳು, ಕಿರಿಕಿರಿ ಬಹಳಷ್ಟು ಬಾಣಂತಿಯರಿಗೆ ಇರುತ್ತದೆ, ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ ಗಮನ ಕೊಡಬೇಕು ಎಂದು ವೈದ್ಯೆ ಬಿಡಿಸಿ ಹೇಳಿದರು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ನಮ್ಮ ತಾಯಂದಿರಲ್ಲಿ ಶೇಕಡಾ 22ರಷ್ಟು ಮಂದಿಗೆ ಹೆರಿಗೆಯ ನಂತರದ ಖಿನ್ನತೆ ಇರುತ್ತದೆ ಎಂದು ಅಂದಾಜು ಮಾಡಿದೆ. ಅಂದರೆ ಐದು ತೊಟ್ಟಿಲುಗಳಲ್ಲಿ ಒಂದರ ಪಕ್ಕದಲ್ಲಿ ಹೀಗೆ ಗೋಡೆ ನೋಡುತ್ತ ಮಲಗಿದ ತಾಯಿ ಇದ್ದಾಳೆ. ನನ್ನ ತವರಿನಲ್ಲಿ ನಾವು ನಾಲ್ವರು ಅಕ್ಕತಂಗಿಯರು ಬಾಣಂತನ ಮಾಡಿಸಿಕೊಂಡಿದ್ದೇವೆ. ಈ ವಿಷಯವನ್ನು ನಾವು ನಾಲ್ವರೂ ಒಬ್ಬರಿಗೊಬ್ಬರು ಎಂದೂ ಹೇಳಿಕೊಂಡಿಲ್ಲ.

ಮಗಳಿಗೆ ಎರಡು ತಿಂಗಳು ವಾರಕ್ಕೊಮ್ಮೆ ಆಪ್ತಸಮಾಲೋಚನೆ ನಡೆಯಿತು. ರಾತ್ರಿಯ ಎರಡು ಹಾಲುಗಳಲ್ಲಿ ಒಂದನ್ನು ಹಿಂಡಿ ಇಟ್ಟು ಅಳಿಯಂದಿರು ಕುಡಿಸತೊಡಗಿದ್ದರಿಂದ ಅವಳಿಗೆ ಸತತವಾಗಿ ಐದು ಗಂಟೆ ನಿದ್ದೆ ಸಿಕ್ಕಿತು. ಅರ್ಧ ಗುಣ ಅದರಿಂದಲೇ ಆಯಿತೆಂದು ಅವಳು ಹೇಳುತ್ತಾಳೆ. ಇದಕ್ಕಿಂತ ಗಂಭೀರವಾದ ಸ್ಥಿತಿಯಲ್ಲಿರುವವರಿಗೆ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ 2009ರಿಂದ ಇದೆ ಎಂಬುದನ್ನು ಆಗ ತಿಳಿದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬಾಣಂತಿಗೆ ಲೇಹ್ಯ ಕಳುಹಿಸುವ ಅಜ್ಜಿಯರು, ಅತ್ತೆಯರು ಡಬ್ಬಿಯ ಮೇಲೆ ಈ ಸಂಖ್ಯೆಯನ್ನೂ ಬರೆದು ಕಳುಹಿಸಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಮಗು ನನ್ನದೆಂದು ಅನ್ನಿಸಿದ್ದು ಯಾವಾಗ ಎಂದು ಮಗಳನ್ನು ಕೇಳಿದರೆ ಅವಳಿಗೆ ದಿನ ನೆನಪಿಲ್ಲ. ಎಪ್ಪತ್ತನೆಯ ದಿನದ ಹೊತ್ತಿಗೆ ಅವಳು ಮಗುವಿನ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ಕುಳಿತದ್ದನ್ನು ನಾನು ಕಂಡೆ. ತಾಯ್ತನ ಹೆರಿಗೆಯ ಜೊತೆಗೇ ಹುಟ್ಟುತ್ತದೆಂದು ಹೇಳಿ ಹೇಳಿ ನಾವು ಹೆಣ್ಣುಮಕ್ಕಳನ್ನು ಎಷ್ಟು ಹೆದರಿಸಿದ್ದೇವೆ. ಕೆಲವರಿಗೆ ಅದು ಹಾಲಿನಂತೆಯೇ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಇಳಿಯುತ್ತದೆ, ಕೆಲವರಿಗೆ ತಿಂಗಳುಗಳು ಬೇಕಾಗುತ್ತವೆ, ನನಗೆ ಒಂದು ವರ್ಷ ಬೇಕಾಯಿತು. ಈ ಕೊನೆಯ ಮಾತನ್ನು ನಾನು ಬರೆಯುತ್ತಿರುವುದು ಇದೇ ಮೊದಲ ಸಲ. ಮಗಳು ಇದನ್ನು ಓದಿದ್ದಾಳೆ, ಗೆರೆ ಎಳೆದಿಲ್ಲ.

ನಮ್ಮ ಮನೆಯವರು ಈಗ ನಿವೃತ್ತರು. ಮೊಮ್ಮಗಳನ್ನು ನೋಡಲು ಬಂದು ಹದಿನೈದು ದಿನ ಇದ್ದರು. ಅಳಿಯಂದಿರು ಮಗುವಿಗೆ ಸ್ನಾನ ಮಾಡಿಸುವುದನ್ನು ಬಚ್ಚಲ ಬಾಗಿಲಲ್ಲಿ ನಿಂತು ದಿನವೂ ನೋಡುತ್ತಿದ್ದರು. ಒಂದು ದಿನ ಟವೆಲು ಹಿಡಿದು ನಿಂತಿದ್ದವರು ನನ್ನ ಕಡೆ ತಿರುಗಿ, ‘ನನಗೆ ಆಗ ಯಾರೂ ಕಲಿಸಲೇ ಇಲ್ಲ ನೋಡು’ ಎಂದರು. ಆ ಮಾತಿಗೆ ಎಷ್ಟು ವರ್ಷದ ಉತ್ತರಗಳು ನನ್ನಲ್ಲಿ ಸಿದ್ಧವಾಗಿದ್ದವು. ಒಂದನ್ನೂ ಹೇಳದೆ ಮಗುವನ್ನು ಅವರ ಟವೆಲಿಗೆ ಇಳಿಸಿ, ಕುತ್ತಿಗೆಯ ಹಿಂದೆ ಕೈ ಎಲ್ಲಿರಬೇಕೆಂದು ತೋರಿಸಿದೆ.

ಬಾಣಂತನ ಮುಗಿಸಿ ಬಂದ ಮೇಲೆ ತವರಿಗೆ ಹೋದೆ. ಅಮ್ಮನಿಗೆ ಎಂಬತ್ತಾಗಿದೆ. ನೀರು ಹಾಕಿದಿರಾ, ಹೊಟ್ಟೆ ಕಟ್ಟಿದಿರಾ, ಸಾಂಬ್ರಾಣಿ ಹೊಗೆ ಕೊಟ್ಟಿರಾ ಎಂದು ಒಂದೊಂದಾಗಿ ವಿಚಾರಿಸಿದಳು. ಮಗುವಿನ ಶ್ವಾಸಕ್ಕೆ ಆಗದೆಂದು ಹೊಗೆ ಹಾಕಲಿಲ್ಲ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನು ಮಗಳ ವಿಷಯವನ್ನು ನನಗೆ ತಿಳಿದ ಮನೆಮಾತಿನಲ್ಲಿ ಹೇಳಿದೆ. ಮಗು ತನ್ನದಲ್ಲ ಅನ್ನಿಸಿದ್ದು, ವೈದ್ಯೆಯ ಬಳಿ ಹೋದದ್ದು, ಎಲ್ಲ. ಆಮೇಲೆ ಕೇಳಿದೆ: ‘ಅಮ್ಮಾ, ನಿನಗೆ ಹಂಗೆ ಆಗಿತ್ತಾ?’

ಅಮ್ಮ ಅಡಿಕೆ ಕತ್ತರಿಸುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: ‘ದೊಡ್ಡಕ್ಕ ಹುಟ್ಟಿದಾಗ ಬಚ್ಚಲ ಒಲೆ ಮುಂದೆ ಕೂತು ದಿನಾ ಅಳ್ತಿದ್ದೆ. ಯಾಕೆ ಕಣ್ಣು ಕೆಂಪಾಗಿದೆ ಅಂತ ನಿನ್ನಜ್ಜಿ ಕೇಳಿದ್ರೆ, ಹೊಗೆ ಅಂತಿದ್ದೆ. ಹೊಗೆ ಅಂದ್ರೆ ಯಾರೂ ಮುಂದೆ ಕೇಳೂದಿಲ್ಲ.’

ನನ್ನ ಬಾಣಂತನದಲ್ಲಿ ಅಮ್ಮ ಪ್ರತಿ ಸಂಜೆ ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಮೇಲೆ ಬರೆದಿಲ್ಲ, ಏಕೆಂದರೆ ಅದು ನನಗೆ ಅರ್ಥವಾದದ್ದು ಆಗ, ಅವಳ ಅಡಕತ್ತರಿಯ ಸದ್ದಿನ ನಡುವೆ. ದೀಪ ಹಚ್ಚುವ ಹೊತ್ತಿಗೆ ಅವಳು ಕೆಂಡದ ಮಡಕೆಗೆ ಸಾಂಬ್ರಾಣಿ ಸುರಿದು ನನ್ನ ಮಂಚದ ಪಕ್ಕ ಇಡುತ್ತಿದ್ದಳು. ಮಗುವಿಗೆ ಒಂದೇ ಕ್ಷಣ ಹೊಗೆ ತೋರಿಸಿ ತಾನೇ ಎತ್ತಿಕೊಂಡು ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡು ಅದರ ಮುಂದೆ ಕೂರುತ್ತಿದ್ದಳು. ದೊಡ್ಡಮ್ಮ ಬಂದರೂ, ಅಪ್ಪ ಬಂದರೂ, ‘ಹೊಗೆ ಹಾಕಿದೀನಿ, ಈಗ ಬಾಗಿಲು ತೆಗೀಬಾರದು’ ಎನ್ನುತ್ತಿದ್ದಳು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು ಒಳಗೆ ಬಂದು, ನನ್ನ ಕೆಂಪು ಕಣ್ಣುಗಳನ್ನು ನೋಡಿ, ಏನನ್ನೂ ಕೇಳದೆ ಸೆರಗಿನಿಂದ ಮುಖ ಒರೆಸಿ, ಮಗುವನ್ನು ತೊಡೆಯ ಮೇಲೆ ಮಲಗಿಸುತ್ತಿದ್ದಳು.